ಮಕ್ಕಳ ಮನಶ್ಶಾಸ್ತ್ರ: ಸಂಶೋಧನೆಯೋ, ಕ್ಲಿನಿಕ್ಕೋ?

ಮಕ್ಕಳ ಮನಶ್ಶಾಸ್ತ್ರ ಓದುತ್ತಿದ್ದೀರಿ, ಮುಂದೆ ಸಂಶೋಧನೆ ಹಿಡಿಯಲೋ, ಕ್ಲಿನಿಕ್‌ನಲ್ಲಿ ಮಕ್ಕಳನ್ನು ನೋಡಲೋ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡುತ್ತೇನೆ. ಮೊದಲ ಕೆಲವು ವರ್ಷವಾದರೂ ನೀವು ಯಾವುದನ್ನೂ ಬಿಡಬೇಡಿ.

ಎರಡೂ ಒಂದಕ್ಕೊಂದು ಹೊಂದಲ್ಲ ಅಂತ ಅನಿಸೋದು ಸಹಜ. ಸಂಶೋಧನೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಕೇಳಬೇಕು, ಇಲ್ಲದಿದ್ದರೆ ಹೋಲಿಸೋಕೆ ಆಗಲ್ಲ. ಕ್ಲಿನಿಕ್‌ನಲ್ಲಿ ಎದುರಿಗೆ ಕೂತ ಮಗುವನ್ನು ನೋಡಿ ಪ್ರಶ್ನೆಯನ್ನೇ ಬದಲಿಸಬೇಕಾಗುತ್ತದೆ. ಆದರೆ ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಾಡಿದ್ದು ಏನು? 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಅವರಿಗೆ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಯ ಕೆಲಸ ಸಿಕ್ಕಿತ್ತು. ಸರಿ ಉತ್ತರ ಎಣಿಸಿ ಎದ್ದುಬರಬಹುದಿತ್ತು. ಅವರ ಕಣ್ಣು ಬಿದ್ದಿದ್ದು ತಪ್ಪು ಉತ್ತರಗಳ ಮೇಲೆ, ಯಾಕಂದ್ರೆ ಒಂದೇ ವಯಸ್ಸಿನ ಮಕ್ಕಳು ಹೆಚ್ಚುಕಮ್ಮಿ ಒಂದೇ ಥರ ತಪ್ಪುತ್ತಿದ್ದರು. ‘ಯಾಕೆ ಹಾಗಂದೆ?’ ಅಂತ ಮಕ್ಕಳನ್ನೇ ಕೇಳುತ್ತಾ ಹೋದರು. ಹಾಗೆ ಕೆದಕಿ ಕೇಳುವ ರೀತಿ ಬಂದಿದ್ದು ಮನೋವೈದ್ಯರ ಕೋಣೆಯಿಂದ.

ನನ್ನ ಕೆಲಸದಲ್ಲೂ ಇದು ದಿನಾ ಕಾಣುತ್ತದೆ. ಬಣ್ಣದ ಘನಗಳನ್ನು ಜೋಡಿಸಿ ಚಿತ್ರದಲ್ಲಿರುವ ವಿನ್ಯಾಸ ಮಾಡೋ ಪರೀಕ್ಷೆ ಇದೆ. ಒಬ್ಬ ಹುಡುಗ ಅರ್ಧ ಜೋಡಿಸಿ ಸುಮ್ನೆ ಕೂರುತ್ತಾನೆ. ಇನ್ನೊಬ್ಬಳು ಪೂರ್ತಿ ಸರಿಯಾಗಿ ಜೋಡಿಸಿ, ನನ್ನ ಮುಖ ನೋಡಿ, ತಾನೇ ಕೆಡವಿ ಮತ್ತೆ ಶುರು ಮಾಡುತ್ತಾಳೆ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಇಬ್ಬರಿಗೂ ಅಂಕ ಇಲ್ಲ. ಅಂಕದ ಹಾಳೆ ಮಾತ್ರ ನೋಡಿದವರಿಗೆ ಇಬ್ಬರೂ ಒಂದೇ! ಪರೀಕ್ಷೆ ನಿಯಮದ ಪ್ರಕಾರ ಮುಗಿಸಿದ ಮೇಲೆ, ಗಡಿಯಾರ ಪಕ್ಕಕ್ಕಿಟ್ಟು ಅವಳ ಜೊತೆ ಇನ್ನೊಮ್ಮೆ ಕೂತರೆ ಕೊರತೆ ಬುದ್ಧಿಯದ್ದಲ್ಲ, ತಪ್ಪಾದರೆ ಅನ್ನೋ ಭಯ ಅಂತ ತಿಳಿಯಬಹುದು.

ಹಾಗಂತ ಕ್ಲಿನಿಕ್ ಅನುಭವವನ್ನೇ ನಂಬಿಕೊಂಡರೂ ಅಪಾಯ. ಮಕ್ಕಳು ಬೆಳೆಯುತ್ತಲೇ ಇರುತ್ತಾರೆ, ಎಷ್ಟೋ ತೊಂದರೆ ತಾನಾಗಿಯೇ ಕಡಿಮೆಯಾಗುತ್ತದೆ. ಚಿಕಿತ್ಸೆ ಸಿಗದ ಮಕ್ಕಳ ಗುಂಪಿನ ಜೊತೆ ಹೋಲಿಸದೆ ನನ್ನಿಂದಲೇ ಗುಣವಾಯಿತು ಅಂತ ಹೇಳೋಕಾಗಲ್ಲ. ಈ ಲಗಾಮು ಹಾಕೋದು ಸಂಶೋಧನೆ.

ಕಷ್ಟ ಇದ್ದೇ ಇದೆ. ಲೇಖನ ಬರೆಯೋ ಸಮಯವನ್ನು ಕ್ಲಿನಿಕ್ ನುಂಗುತ್ತದೆ, ಹಣ ಕೊಡುವವರಿಗೆ ಬೇಗ ಫಲಿತಾಂಶ ಬೇಕು, ಮಕ್ಕಳು ಯಾರ ವೇಳಾಪಟ್ಟಿಗೂ ಬಗ್ಗಲ್ಲ. ಅಪ್ಪ ಅಮ್ಮ ಸಹಿ ಹಾಕಿದರೂ ಮಗು ‘ಬೇಡ’ ಅಂದರೆ ಅಧ್ಯಯನ ಅಲ್ಲಿಗೇ ನಿಲ್ಲಿಸಬೇಕು, ಎಷ್ಟೇ ಮಾಹಿತಿ ಹೋಗಲಿ. ಇದರಲ್ಲಿ ನನ್ನದು ಎರಡು ಮಾತಿಲ್ಲ.

ಎಲ್ಲಿ ಸೇರಬೇಕು ಅಂತ ಹುಡುಕುವಾಗ ಅಲ್ಲಿನ ಹೆಸರಿಗಿಂತ ಮೊದಲು ಇದನ್ನು ಕೇಳಿ: ವಿದ್ಯಾರ್ಥಿಗಳು ಯಾವ ವರ್ಷದಿಂದ ಮಕ್ಕಳನ್ನು ನೋಡುತ್ತಾರೆ, ಆಗ ಅನುಭವ ಇರುವವರು ಪಕ್ಕದಲ್ಲಿ ಇರುತ್ತಾರಾ, ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವವರು ಈಗಲೂ ಮಕ್ಕಳನ್ನು ನೋಡುತ್ತಾರಾ? ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಅಲ್ಲೇ ಸೇರಿಕೊಳ್ಳಿ.