ಜೊಲ್ಲುಗ್ರಂಥಿಯಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯೇ ಎಂದು ಪತ್ತೆ ಮಾಡಬಹುದೇ?

ನಿಮ್ಮ ತಾಯಿಯವರ ಕಿವಿಯ ಕೆಳಗಿನ ಜೊಲ್ಲುಗ್ರಂಥಿಯ ಗಂಟನ್ನು ತೆಗೆಯುವ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಇರುವುದು ಗೊತ್ತಾಯಿತು. ತೆಗೆದ ಗ್ರಂಥಿಯಲ್ಲೂ ವೈರಸ್ ಇದೆಯೇ ಎಂದು ನೋಡಬಹುದೇ, ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಡಬೇಕೇ ಎಂದು ಕೇಳಿದ್ದೀರಿ.

ತಟ್ಟೆ ಲೋಟದ ಮಾತು ಮೊದಲು: ಬೇರೆ ಇಡಬೇಡಿ. ನಮ್ಮ ಮನೆಗಳಲ್ಲಿ ಎಂಜಲಿನ ಭಯಕ್ಕೆ ಒಂದು ನೆಪ ಸಿಕ್ಕರೆ ಸಾಕು, ಕಾಯಿಲೆಯವರು ಮೂಲೆ ಸೇರುತ್ತಾರೆ. ಜೊಲ್ಲಿನಲ್ಲಿ ಈ ವೈರಸ್ ಇರುವುದು ನಿಜ, ಆದರೆ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸೋಂಕಿತರ ಜೊಲ್ಲನ್ನು ಗಿಬ್ಬನ್ ವಾನರಗಳ ಚರ್ಮದಡಿಗೆ ಚುಚ್ಚಿದಾಗ ಸೋಂಕು ತಗಲಿತು, ಬಾಯಿಯ ಮೂಲಕ ಕೊಟ್ಟಾಗ ತಗಲಲಿಲ್ಲ. ಹಲ್ಲುಜ್ಜುವ ಬ್ರಷ್, ರೇಜರ್, ಉಗುರು ಕತ್ತರಿ ಮಾತ್ರ ಪ್ರತ್ಯೇಕವಿರಲಿ. ಅವಕ್ಕೆ ರಕ್ತ ಅಂಟುತ್ತದೆ.

ಇನ್ನು ಗ್ರಂಥಿಯ ವಿಷಯ. ನಾನು ಅಂಗಾಂಶ ಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞ. ಪತ್ತೆ ಮಾಡಬಹುದು, ಅದೇನೂ ಕಷ್ಟವಲ್ಲ. ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ತೆಳ್ಳಗೆ ಸೀಳಿ, ಡಿಎನ್‌ಎ ತೆಗೆದು, ಪಿಸಿಆರ್ (ಡಿಎನ್‌ಎ ಚೂರಿನ ಅಸಂಖ್ಯ ಪ್ರತಿ ಮಾಡಿ ಪತ್ತೆಹಚ್ಚುವ ಪರೀಕ್ಷೆ) ಮಾಡಿದರಾಯಿತು. ಕಷ್ಟವಿರುವುದು ಬಂದ ಉತ್ತರವನ್ನು ನಂಬುವುದರಲ್ಲಿ. ಕಿವಿಯ ಕೆಳಗಿನ ಆ ಗ್ರಂಥಿಯ ಒಳಗೇ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಒಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆ ವೈರಸ್ ಇರುವ ರೋಗಿಗಳಿದ್ದಾರೆ. ಅಂಥವರ ಗ್ರಂಥಿಯ ಚೂರಿನಲ್ಲಿ ಉಳಿದ ಒಂದು ತೊಟ್ಟು ರಕ್ತವೇ ಪಿಸಿಆರ್‌ಗೆ ಸಾಕು. ವೈರಸ್ ಗ್ರಂಥಿಯಲ್ಲಿ ಮನೆ ಮಾಡಿತ್ತೋ, ರಕ್ತದ ಜೊತೆ ಹಾದುಹೋಗುತ್ತಿತ್ತೋ, ಆ ಯಂತ್ರ ಹೇಳುವುದಿಲ್ಲ.

ನನ್ನ ಕೈಯಿಂದಲೇ ಆದ ಒಂದು ಎಡವಟ್ಟು ಹೇಳುತ್ತೇನೆ. ಬೆಳಿಗ್ಗೆ ಹೆಪಟೈಟಿಸ್ ಬಿ ಇದ್ದ ಯಕೃತ್ತಿನ ಬ್ಲಾಕ್ ಸೀಳಿದ್ದೆ. ಬ್ಲಾಕನ್ನು ತೆಳ್ಳಗೆ ಸೀಳುವ ಯಂತ್ರವಾದ ಮೈಕ್ರೋಟೋಮಿನ ಬ್ಲೇಡನ್ನು ಬದಲಿಸದೆ, ಸೋಂಕೇ ಇಲ್ಲದವರ ಜೊಲ್ಲುಗ್ರಂಥಿಯನ್ನು ಹೋಲಿಕೆಗೆಂದು ಸೀಳಿದೆ. ಅದರಲ್ಲೂ ವೈರಸ್ ಬಂತು! ಎರಡು ದಿನ ರಾಸಾಯನಿಕಗಳನ್ನು ಬೈದ ಮೇಲೆ ಬ್ಲೇಡಿನ ಅಂಚಿಗೆ ಅಂಟಿದ್ದ ಮೇಣದ ಪುಡಿ ನೆನಪಾಯಿತು. ಅಂದಿನಿಂದ ಪ್ರತಿ ಬ್ಲಾಕಿಗೂ ಹೊಸ ಬ್ಲೇಡು, ಎರಡು ಬ್ಲಾಕುಗಳ ನಡುವೆ ಬರೀ ಮೇಣದ ಒಂದು ಬ್ಲಾಕ್. ಆ ಬರೀ ಮೇಣವನ್ನೂ ಪಿಸಿಆರ್‌ಗೆ ಹಾಕುತ್ತೇವೆ.

ಹಾಗಾಗಿ ಗ್ರಂಥಿಯಲ್ಲಿ ವೈರಸ್ ಸಿಕ್ಕಿತು ಎನ್ನುವ ವರದಿ ಕೈಗೆ ಬಂದರೆ, ಇನ್ ಸಿಟು ಹೈಬ್ರಿಡೈಸೇಶನ್ ಮಾಡಿದ್ದಾರೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ಅದರಲ್ಲಿ ವೈರಸ್ಸಿನ ಡಿಎನ್‌ಎಗೆ ಅಂಟುವ ಗುರುತಿನ ತುಣುಕನ್ನು ಸ್ಲೈಡಿನ ಮೇಲೆಯೇ ಬಿಡುತ್ತಾರೆ. ಬಣ್ಣ ಜೊಲ್ಲು ಸ್ರವಿಸುವ ಕೋಶಗಳೊಳಗೆ ಮೂಡಿತೋ, ಪಕ್ಕದ ರಕ್ತನಾಳದಲ್ಲಿ ಮೂಡಿತೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಕೋಶದೊಳಗೆ ಕಂಡರೂ, ಅಲ್ಲಿ ಅದು ಮರಿ ಹಾಕುತ್ತಿದೆ ಎನ್ನಲು ವೈರಸ್ಸಿನ ಆರ್‌ಎನ್‌ಎಯಂಥ ಸಾಕ್ಷಿ ಬೇಕು. ಈ ವೈರಸ್ ಒಳನುಗ್ಗುವ ಬಾಗಿಲು ಎನ್‌ಟಿಸಿಪಿ ಎಂಬ ಪ್ರೋಟೀನು ಎಂದು 2012ರಲ್ಲಿ ಗೊತ್ತಾಯಿತು. ಅದು ಮುಖ್ಯವಾಗಿ ಇರುವುದು ಯಕೃತ್ತಿನ ಕೋಶಗಳ ಮೇಲೆ. ಜೊಲ್ಲುಗ್ರಂಥಿಯಲ್ಲಿ ಅದು ನಿಜಕ್ಕೂ ಮನೆ ಮಾಡುತ್ತದೆಯೇ ಎಂಬ ನನ್ನ ಅನುಮಾನಕ್ಕೆ ಅದೂ ಒಂದು ಕಾರಣ.

ನಿಮ್ಮ ತಾಯಿಯವರ ಚಿಕಿತ್ಸೆ ಈ ಪರೀಕ್ಷೆಯಿಂದ ಬದಲಾಗುವುದಿಲ್ಲ, ದುಡ್ಡು ಸುರಿಯಬೇಡಿ. ರಕ್ತದಲ್ಲಿ ವೈರಸ್ಸಿನ ಪ್ರಮಾಣ, ಯಕೃತ್ತಿನ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಯಕೃತ್ತಿನ ವೈದ್ಯರಿಗೆ ತೋರಿಸಿ. ಮನೆಯವರೆಲ್ಲ ರಕ್ತಪರೀಕ್ಷೆ ಮಾಡಿಸಿಕೊಂಡು, ಸೋಂಕೂ ರಕ್ಷಣೆಯೂ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ: ಇಂದು ಒಂದು, ಒಂದು ತಿಂಗಳಾದ ಮೇಲೆ ಇನ್ನೊಂದು, ಇಂದಿನಿಂದ ಆರನೇ ತಿಂಗಳಿಗೆ ಮತ್ತೊಂದು. ಗ್ರಂಥಿಯ ಬ್ಲಾಕ್ ಆಸ್ಪತ್ರೆಯ ಕಪಾಟಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ, ಅದಕ್ಕೇನೂ ಅವಸರವಿಲ್ಲ.