ವೈರಲ್ ನ್ಯುಮೋನಿಯಾ ವಾಸಿಯಾದ ಮೇಲೂ ಶ್ವಾಸಕೋಶಕ್ಕೆ ತೊಂದರೆ ಬರಬಹುದೇ?

ಬರಬಹುದು, ಆದರೆ ಅಪರೂಪ; ಹೆಚ್ಚಿನವರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸೋಂಕು ತೀವ್ರವಾಗಿದ್ದಾಗ ಗಾಳಿಗೂಡುಗಳ ಗೋಡೆ ಹಾನಿಗೊಂಡು ಗಾಳಿ ತುಂಬಿದ ಗುಳ್ಳೆಗಳು ಉಳಿಯಬಹುದು. ಅವುಗಳಲ್ಲೊಂದು ಒಡೆದರೆ ಗಾಳಿಯು ಶ್ವಾಸಕೋಶದ ಹೊರಪೊರೆಗಳ ನಡುವೆ ಸೋರಿ ಶ್ವಾಸಕೋಶವನ್ನೇ ಕುಗ್ಗಿಸುತ್ತದೆ. ನ್ಯುಮೋಥೊರಾಕ್ಸ್ ಎನ್ನಲಾಗುವ ಈ ಸ್ಥಿತಿ, ಕೋವಿಡ್‌ನಿಂದ ಗುಣಮುಖರಾದವರ ಪೈಕಿ ವೆಂಟಿಲೇಟರ್ ಬಳಸದೇ ಇದ್ದ ಕೆಲವರಲ್ಲಿಯೂ ವಾರಗಳ ನಂತರ ಕಂಡುಬಂದಿದೆ. ಅಂಗಾಂಶವು ಗಾಯದ ಕಲೆಯಂತೆ ಗಟ್ಟಿಯಾಗುವ ಫೈಬ್ರೋಸಿಸ್ ಇನ್ನೊಂದು. ಮುಖ್ಯವಾಗಿ ಮಕ್ಕಳಲ್ಲಿ, ಅಡೆನೊವೈರಸ್ ಸೋಂಕಿನ ಬಳಿಕ ಸಣ್ಣ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವುದು ಮತ್ತೊಂದು. ಕ್ರಮೇಣ ಕಡಿಮೆಯಾಗುತ್ತಿರುವ ಆಯಾಸಕ್ಕೆ ಗಾಬರಿಪಡಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಹಠಾತ್ ಎದೆನೋವು, ಹೆಚ್ಚುತ್ತಿರುವ ಏದುಸಿರು ಅಥವಾ ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಹಿಂದಿನ ನ್ಯುಮೋನಿಯಾದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.