ಸ್ಕೆಚ್ ಇಲ್ಲದ ತೈಲಚಿತ್ರ ಕೆಸರಾಗುವುದೇಕೆ?

ಸ್ಕೆಚ್ ಹಾಕದೆ ಮನಸ್ಸಿಗೆ ತೋಚಿದಂತೆ ಎಣ್ಣೆಬಣ್ಣ ಬಳಿದರೆ ಎಲ್ಲ ಕೆಸರಿನಂತೆ ಮಂಕಾಗುತ್ತದೆಯೇ? ಹಸಿ ಪದರದ ಮೇಲೆ ನಾಲ್ಕೈದು ಬಣ್ಣ, ಅದರಲ್ಲೂ ಕಿತ್ತಳೆ-ನೀಲಿಯಂಥವು ಕಲೆತರೆ ಬೂದು ಬರದೆ ಇನ್ನೇನು? ಮೊದಲು ಗಾಢ ಕಂದು ಬಣ್ಣದ ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ (ಬಣ್ಣ ತೆಳುಮಾಡುವ ದ್ರವ) ಬೆರೆಸಿ ಟೀಯಷ್ಟು ತೆಳ್ಳಗೆ ಬಳಿಯಿರಿ. ಹಳೇ ಬನಿಯನ್ ಬಟ್ಟೆಯಿಂದ ಬೆಳಕಿನ ಜಾಗ ಒರೆಸುತ್ತಾ ಆಕಾರ ಹುಡುಕಿ. ಇದಕ್ಕೆ ಎಣ್ಣೆ ಸೇರಿಸಬೇಡಿ. ಒಂದೆರಡು ದಿನ ಒಣಗಲಿ. ಆಮೇಲೆ ಅಲ್ಟ್ರಾಮರೀನ್ (ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಟೈಟಾನಿಯಂ ವೈಟ್ (ಬಿಳಿ) ಈ ನಾಲ್ಕೇ ಬಣ್ಣ ಸಾಕು. ಲಿನ್ಸೀಡ್ (ಅಗಸೆ) ಎಣ್ಣೆ ಮೇಲಿನ ಪದರಗಳಿಗೆ ಮಾತ್ರ; ಕೆಳಗೆ ಹೆಚ್ಚು ಎಣ್ಣೆಯಿದ್ದರೆ ಅದು ನಿಧಾನ ಒಣಗಿ, ಮೇಲಿನದು ಬಿರುಕು ಬಿಡುತ್ತದೆ. ಒಂದು ಜಾಗಕ್ಕೆ ಒಂದೆರಡು ಸಲ ಬ್ರಷ್ ಎಳೆದು ಕೈ ಎತ್ತಿ. ಹಿಡಿಸಲಿಲ್ಲವೇ? ತೀಡುತ್ತಾ ಕೂರಬೇಡಿ, ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ ಮೊಂಡು ಚಾಕು) ಕೆರೆದು ತೆಗೆಯಿರಿ. ಅಂದಹಾಗೆ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹತ್ತಬಹುದು; ಹೊರಗೆ ಹರಡಿ ಒಣಗಿಸಿ.